ಬಾಗಿಲ ನೆರಳಿನ ಬಣ್ಣ

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ದೊಡ್ಡಬಳ್ಳಾಪುರದಲ್ಲಿ ಇಷ್ಟು ವರ್ಷ ಫೋಟೊ ಸ್ಟುಡಿಯೊ ನಡೆಸಿದ ಮೇಲೂ, ಕಂಪ್ಯೂಟರಿನಲ್ಲಿ ಕಂಡ ಬಣ್ಣ ಕಾಗದದ ಮೇಲೆ ಹಾಗೆಯೇ ಬಂದರೆ ನನಗೆ ಒಳಗೊಳಗೇ ಆಶ್ಚರ್ಯವಾಗುತ್ತದೆ. ಬರದಿದ್ದರೆ ಪ್ರಿಂಟರನ್ನು ಬೈಯುತ್ತೇನೆ.

ಇನ್ನೊಂದು ಕೆಟ್ಟ ಅಭ್ಯಾಸವೂ ಇತ್ತು. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಎದ್ದ ಲೇಔಟುಗಳ ಕರಪತ್ರಗಳು ಎಷ್ಟೋ ನನ್ನ ಕೈಯಿಂದ ಹೋದವು. ಜಾಲಿ ಬೆಳೆದ ಬಯಲನ್ನು ಕೂತಲ್ಲೇ ಹಸಿರು ಹುಲ್ಲುಹಾಸು ಮಾಡಿಬಿಡುತ್ತಿದ್ದೆ. ಅದೇ ಕೈ ಮನುಷ್ಯರ ಮೇಲೂ ಓಡುತ್ತಿತ್ತು. ಯಾರ ಫೋಟೊ ಬರಲಿ, ಮೊದಲು ಮುಖ ಬೆಳ್ಳಗಾಗಬೇಕು. ಬೇಡ ಅಂದವರನ್ನು ನಾನು ಕಂಡಿರಲಿಲ್ಲ.

ಆಮೇಲೆ ಗಂಗಣ್ಣ ಬಂದರು. ಮಗ್ಗದವರಿಗೆ ರೇಷ್ಮೆ ನೂಲಿಗೆ ಬಣ್ಣ ಹಾಕಿಕೊಡುವವರು. ಉಗುರ ಸಂದಿಯಲ್ಲಿ ಯಾವುದಾದರೊಂದು ಬಣ್ಣ ಇದ್ದೇ ಇರುತ್ತದೆ. ಹೆಂಡತಿ ತೀರಿಕೊಂಡು ವರ್ಷವಾಗುತ್ತಿತ್ತು. ವರ್ಷದ ಕಾರ್ಯಕ್ಕೆ ದೊಡ್ಡ ಫೋಟೊ ಬೇಕು. ಮೊಬೈಲಿನಲ್ಲಿ ಇದ್ದದ್ದು ಒಂದೇ ಚಿತ್ರ, ಆಕೆ ನೇರಳೆ ಹಣ್ಣಿನ ಬಣ್ಣದ ಸೀರೆಯುಟ್ಟು ನಗುತ್ತಿರುವುದು. ಆ ಸೀರೆಯ ನೂಲಿಗೆ ಬಣ್ಣ ಹಾಕಿದ್ದು ಗಂಗಣ್ಣನೇ. ಸೀರೆ ಆಕೆಯ ಜೊತೆಗೇ ಹೋಗಿತ್ತು.

"ಬಣ್ಣ ಮಾತ್ರ ಹಂಗೇ ಬರ್ಬೇಕಪ್ಪ" ಎಂದರು.

ಮೊದಲ ಪ್ರಿಂಟನ್ನು ಅವರು ನನ್ನ ಟ್ಯೂಬ್‌ಲೈಟಿನಡಿ ನೋಡಲೇ ಇಲ್ಲ. ಬಾಗಿಲಿಗೆ ಒಯ್ದು, ಬಿಸಿಲು ಬೀಳದ ಬೆಳಕಿನಲ್ಲಿ ಹಿಡಿದು, "ನೀಲಿಗೆ ತಿರುಗೈತೆ" ಎಂದರು. ನಾನು ಪರದೆ ತೋರಿಸಿ ವಾದ ಮಾಡಿದೆ.

"ಇದು ಒದ್ದೆ ನೂಲು ಇದ್ದಂಗೆ. ಒದ್ದೇಲಿ ಎಲ್ಲಾ ಬಣ್ಣಾನೂ ಚೆಂದಾನೇ. ಒಣಗಿದ್ಮೇಲೆ ನೋಡ್ಬೇಕು."

ಪರದೆ ತಾನೇ ಬೆಳಗುತ್ತದೆ, ಕಾಗದ ಬಿದ್ದ ಬೆಳಕನ್ನಷ್ಟೇ ಹಿಂದಿರುಗಿಸುತ್ತದೆ ಎಂಬುದನ್ನು ನಾನು ಪುಟಗಟ್ಟಲೆ ಓದಿ ಮರೆತಿದ್ದೆ. ಪರದೆಯ ಹೊಳಪು ತಗ್ಗಿಸಿದೆ. ಹುಡುಕಿದಾಗ ಇನ್ನೊಂದು ಎಡವಟ್ಟು ಸಿಕ್ಕಿತು: ಸಾಫ್ಟ್‌ವೇರೂ ಬಣ್ಣ ತಿದ್ದುತ್ತಿದೆ, ಪ್ರಿಂಟರೂ ತಿದ್ದುತ್ತಿದೆ. ಅತ್ತೆ ಸೊಸೆ ಇಬ್ಬರೂ ಉಪ್ಪು ಹಾಕಿದ ಸಾರು. ಪ್ರಿಂಟರಿನ ಕೈ ಕಟ್ಟಿಹಾಕಿ, ಆ ಕಾಗದಕ್ಕೆಂದೇ ಇರುವ ಬಣ್ಣದ ಲೆಕ್ಕ, ಅಂದರೆ ಪ್ರೊಫೈಲ್, ಹಾಕಿ, ಗೆದ್ದೆನೆಂದು ಎರಡನೆಯದನ್ನು ತೆಗೆದೆ.

ಗಂಗಣ್ಣ ಮತ್ತೆ ಬಾಗಿಲಿಗೆ ಹೋದರು. ಈ ಸಲ ಸೀರೆ ಬಿಟ್ಟು ಮುಖ ನೋಡುತ್ತಾ ನಿಂತರು.

"ಇವ್ಳು ಇಷ್ಟು ಬೆಳ್ಳಗಿರ್ಲಿಲ್ಲ ಕಣಪ್ಪ. ಅವ್ಳ ಮೈಬಣ್ಣಕ್ಕೆ ಒಪ್ಲಿ ಅಂತ್ಲೇ ಆ ನೂಲು ಮೂರ್ಸಲ ಅದ್ದಿದ್ದು."

ನನಗೆ ನಾಚಿಕೆಯಾಯಿತು. ಕೈ ತನ್ನಷ್ಟಕ್ಕೆ ತಾನೇ ಆಕೆಯನ್ನು ಬೆಳ್ಳಗೆ ಮಾಡಿತ್ತು. ಮುಖದ ಕಂದು ತೊಳೆಯಲು ಇಡೀ ಚಿತ್ರದ ಕೆಂಪು ತೆಗೆದಿದ್ದೆ; ಅದರ ಜೊತೆ ಸೀರೆಯ ಕೆಂಪೂ ಹೋಗಿ ಬರೀ ನೀಲಿ ಉಳಿದಿತ್ತು. ತೆಗೆದದ್ದನ್ನು ವಾಪಸ್ಸು ಕೊಟ್ಟೆ. ಮೂರನೆಯ ಪ್ರಿಂಟಿನಲ್ಲಿ ಎಣ್ಣೆಗಪ್ಪಿನ ಹೆಂಗಸೊಬ್ಬಳು ಬಂದು ನಕ್ಕಳು.

ಗಂಗಣ್ಣ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಒಂದೆಳೆ ರೇಷ್ಮೆ. ಹಾಕಿದ ಬಣ್ಣದ್ದೆಲ್ಲ ಒಂದೊಂದು ಎಳೆ ಇಟ್ಟುಕೊಳ್ಳುವುದು ಅವರ ಕಸುಬಿನ ರೂಢಿ. ಎಳೆಯನ್ನು ಚಿತ್ರದ ಸೆರಗಿನ ಮೇಲಿಟ್ಟರು. ಎಲ್ಲಿ ಹೋಯಿತೆಂದು ನಾನು ಬಗ್ಗಿ ಹುಡುಕಬೇಕಾಯಿತು.

"ಇದನ್ನ ಮೊದಲೇ ಕೊಡೋದಲ್ವಾ ಗಂಗಣ್ಣ?"

"ನಂಗೆ ಅವ್ಳು ಸರಿಯಾಗಿ ಜ್ಞಾಪಕ ಐತೋ ಇಲ್ವೋ ನೋಡ್ಕೋಬೇಕಿತ್ತು" ಎಂದರು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವನು ನಮ್ಮ ಮದುವೆಯ ಆಲ್ಬಮ್ ತೆಗೆದೆ. ನಾನೇ ತಿದ್ದಿದ್ದು, ಇಬ್ಬರೂ ಸುಣ್ಣ ಬಳಿದಂತಿದ್ದೆವು. ಹೆಂಡತಿಯನ್ನು ಕರೆದು ಬಾಗಿಲ ನೆರಳಲ್ಲಿ ನಿಲ್ಲಿಸಿದೆ.

"ಏನ್ರೀ ಹಂಗ್ ನೋಡ್ತೀರ, ಸಾರು ಆರೋಗ್ತೈತೆ" ಎಂದಳು.

ಆರಲಿ, ಒಂದು ನಿಮಿಷ ನಿಂತಿರು ಎಂದೆ.