ಅಮ್ಮ ಇದ್ದ ಫೋಲ್ಡರ್

೧೯೮೧ರಲ್ಲಿ ಏಳನೇ ಕ್ಲಾಸಿಗೆ ಓದು ನಿಲ್ಲಿಸಿ ಮದರಾಸಿನ ಹೋಟೆಲಿಗೆ ಬಂದವನು ನಾನು. ದುಡಿದು ಸ್ವಂತ ಹೋಟೆಲ್ ಮಾಡಿದೆ. ೨೦೦೫ರಲ್ಲಿ ಮನೆಗೆ ಕಂಪ್ಯೂಟರನ್ನೂ ತಂದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಪೆರಂಬೂರಿನ ನಮ್ಮ ಪಕ್ಕದ ಮನೆಯ ಮಾಮ. ರೈಲ್ವೆ ವರ್ಕ್‌ಶಾಪಿನ ಸ್ಟೋರಿನಿಂದ ನಿವೃತ್ತರಾದ ಅವರಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಬಂದವರೇ ನಮ್ಮ ಚಪ್ಪಲಿಗಳನ್ನು ಜೋಡಿಸುವರು. "ಎಲ್ಲದಕ್ಕೂ ಒಂದು ಇಡಂ ಬೇಕಪ್ಪಾ" ಎನ್ನುವರು. ಜಾಗ ಎನ್ನಲು ಅವರ ಬಾಯಿಗೆ ತಮಿಳೇ ಬರುತ್ತಿತ್ತು.

ಅಮ್ಮ ತೀರಿಕೊಂಡು, ಅವಳ ಸಮಾರಾಧನೆಯ ಹಿಂದಿನ ದಿನ ಫ್ರೇಮು ಹಾಕಿಸಲು ಫೋಟೊ ಬೇಕಾಯಿತು. ಇದ್ದವೆಲ್ಲ ಕಂಪ್ಯೂಟರಿನಲ್ಲೇ. ಫೋಟೊ ಸಾಫ್ಟ್‌ವೇರಿನಲ್ಲಿ ಅಮ್ಮ ಉಗುರಿನಷ್ಟು ಕಂಡಳು. ಒತ್ತಿದರೆ ಫೈಲೇ ಇಲ್ಲವೆಂದಿತು. ನಾಳೆ ನೆಂಟರೆದುರು ಬರಿಯ ಕುರ್ಚಿಗೆ ಹಾರ ಹಾಕಲೇ? ಮಾಮನನ್ನು ಕರೆದೆ.

"ಅದಾ? ಹೋದ ತಿಂಗಳು ನಾನೇ ವಿಂಗಡಿಸಿ ಇಟ್ಟೆ. ಎಲ್ಲಾ ಒಂದೇ ಫೋಲ್ಡರಲ್ಲಿ ರಾಶಿ ಬಿದ್ದಿತ್ತಪ್ಪಾ."

"ಅದು ಸಾಫ್ಟ್‌ವೇರಿಗೆ ಹೇಗೆ ಗೊತ್ತಾಗ್ಬೇಕು ಮಾಮ? ಹಳೇ ಜಾಗದಲ್ಲೇ ಹುಡುಕ್ತಿದೆ! ಅಮ್ಮ ಎಲ್ಲಿ?"

'ಮನುಷ್ಯರು' ಎಂಬ ಫೋಲ್ಡರ್ ತೆರೆದರು. ಇರಲಿಲ್ಲ. 'ಹಬ್ಬ'ದಲ್ಲೂ ಇರಲಿಲ್ಲ. ಫ್ರೇಮಿನ ಅಂಗಡಿ ಮುಚ್ಚುವ ಹೊತ್ತಾಗುತ್ತಿತ್ತು. ಮಾಮ ಬಾಗಿಲವರೆಗೆ ಹೋಗಿ ತಿರುಗಿ ಬಂದರು, ನಿಂತೇ 'ಕಿಚನ್' ತೆರೆದರು. ಒಲೆ, ಗ್ರೈಂಡರುಗಳ ನಡುವೆ ಅಮ್ಮ ದೋಸೆ ಮಗುಚುತ್ತಿದ್ದಳು.

"ಯಾವ ಫೋಟೋಲಿ ನೋಡಿದ್ರೂ ಅವರು ಅಲ್ಲೇ ನಿಂತಿದ್ರಪ್ಪಾ" ಎಂದರು ಮಾಮ. ಅವತ್ತು ಮಾತ್ರ ಅವರು ಕುರ್ಚಿ ಎಳೆದುಕೊಂಡು ಕೂತರು.

ಈಗ ನನಗೆ ಎರಡು ಹೋಟೆಲ್, ಒಂದು ಮನೆ, ಅಮ್ಮನ ಒಂಬತ್ತು ಫೋಟೊ ಇವೆ. ಒಂಬತ್ತನ್ನೂ 'ಕಿಚನ್' ಬಿಟ್ಟು ಕದಲಿಸಿಲ್ಲ.