ಮೇಲಿನ ಗುಂಡಿ, ಕೆಳಗಿನ ಗುಂಡಿ

ಕಲಾಸಿಪಾಳ್ಯದಲ್ಲಿ ಹೊಸೂರಿನ ಬಸ್ಸು ಹತ್ತಿದಾಗ ಬೆಳಗಿನ ಏಳು ಗಂಟೆ. ಎಂಬತ್ತರ ದಶಕದ ನಡುವಿನ ಮಾತು. ನಲವತ್ತು ಕಿಲೋಮೀಟರು, ಒಂದೂವರೆ ಗಂಟೆಯ ದಾರಿ. ಕಿಟಕಿಯ ಗಾಜು ಮುಚ್ಚಲು ಬಾರದೆ ಅತ್ತಿಬೆಲೆಯವರೆಗೂ ಚಳಿಗೆ ನಡುಗಿದೆ. ಯಂತ್ರದ ಮುಂದೆ ನಿಂತವನ ಕಣ್ಣು, ಕೈ ಹೇಗೆ ಓಡುತ್ತವೆ ಎಂದು ನೋಡಿ, ಅದಕ್ಕೆ ತಕ್ಕಂತೆ ಗುಂಡಿ, ದೀಪಗಳನ್ನು ಜೋಡಿಸುವುದು ನನ್ನ ಸಂಶೋಧನೆ. "ಸ್ವಿಚ್ಚು ಎಲ್ಲಿಡಬೇಕು ಅಂತ ಯೋಚಿಸೋಕೂ ಸಂಬಳ ಕೊಡ್ತಾರಾ?" ಎಂದು ನನ್ನ ಹೆಂಡತಿ ನಗುತ್ತಿದ್ದಳು.

ಹೊಸೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ, ತಗಡು ಒತ್ತುವ ಪ್ರೆಸ್ಸಿಗೆ ನಾನು ರೂಪಿಸಿದ ಗುಂಡಿಗಳ ಫಲಕವಿತ್ತು. ನಿಲ್ಲಿಸುವ ಕೆಂಪು ಗುಂಡಿ ಕಣ್ಣಿಗೆ ಮೊದಲು ಬೀಳಲಿ ಎಂದು ಮೇಲಿಟ್ಟು, ಚಾಲೂ ಮಾಡುವ ಹಸಿರನ್ನು ಕೆಳಗಿಟ್ಟಿದ್ದೆ. ಅದರ ಬಗ್ಗೆ ನನಗೆ ಜಂಬವೂ ಇತ್ತು. ಆದರೆ ಅದನ್ನು ನಡೆಸುವ ಮುನಿರಾಜು ಮೂರು ಸಲ, ನಿಲ್ಲಿಸಬೇಕಾದ ಹೊತ್ತಿನಲ್ಲಿ ಹಸಿರನ್ನೇ ಒತ್ತಿದ್ದ. ಕೊನೆಯ ಸಲ, ತಗಡಿಗೆ ಆಕಾರ ಕೊಡುವ ಅಚ್ಚೇ ಮುರಿದಿತ್ತು.

"ಫಲಕ ಸರಿಯಾಗಿದೆ ಅಂತ ಬರೆದುಕೊಡಿ ಸಾರ್, ಸೋಮವಾರದಿಂದ ಅವನನ್ನ ತೆಗೆದುಬಿಡ್ತೀವಿ" ಎಂದರು ನನ್ನನ್ನು ಕರೆಸಿದ್ದ ಮ್ಯಾನೇಜರು.

ಮುನಿರಾಜು ಮೂವತ್ತು ದಾಟಿದ, ಮಿತಭಾಷಿ ಮನುಷ್ಯ. "ಕಣ್ಣು ಕೆಂಪನ್ನೇ ನೋಡ್ತದೆ ಸಾರ್, ಕೈ ಕೆಳಿಕ್ಕೆ ಹೋಗ್ಬುಡ್ತದೆ. ಯಾಕೋ ನಂಗೂ ತಿಳೀದು" ಎಂದ. ಅದೇ ಪ್ರೆಸ್ಸನ್ನು ಬೇರೆ ಪಾಳಿಯಲ್ಲಿ ನಡೆಸುವ ಇಬ್ಬರು, ಹೊಸೂರು ಪೇಟೆಯವರು, ಒಂದು ಸಲವೂ ತಪ್ಪಿರಲಿಲ್ಲ. ಇವನೊಬ್ಬನಿಗೇ ಏಕೆ? ತಲೆಯೊಳಗೆ ಹುಳ ಹೊಕ್ಕಿತು. ಮಧ್ಯಾಹ್ನ ಪಾಳಿ ಮುಗಿದ ಮೇಲೆ ಅವನು "ನಮ್ಮೂರ್‍ಗೆ ಊಟಕ್ಕೆ ಬನ್ನಿ ಸಾರ್" ಎಂದಾಗ ಹೊರಟೇಬಿಟ್ಟೆ.

ಕೃಷ್ಣಗಿರಿ ಬಸ್ಸಿನಲ್ಲಿ ಸೂಳಗಿರಿಯವರೆಗೆ ನಿಂತೇ ಹೋದೆವು. ಅಲ್ಲಿಂದ ರಾಗಿ ಕೊಯ್ದ ಹೊಲಗಳ ಬದುವಿನ ಮೇಲೆ ಎರಡು ಮೈಲಿ ನಡಿಗೆ. ಮನೆಯಲ್ಲಿ ಬಿಸಿ ಮುದ್ದೆ, ಅವರೆಕಾಳಿನ ಸಾರು. ಎರಡು ಮುದ್ದೆ ನುಂಗಿದೆ, ಮೂರನೆಯದಕ್ಕೆ ಕೈಮುಗಿದೆ.

ಊಟವಾದ ಮೇಲೆ ಮುನಿರಾಜುವಿನ ತಾಯಿ ಚಿಕ್ಕತಾಯಮ್ಮ ಟೊಮೇಟೊ ಹೊಲದ ಹತ್ತಿರ ಕರೆದೊಯ್ದರು. ನೀರು ಬದು ಮೀರಿ ಹರಿಯುತ್ತಿತ್ತು. ನಮ್ಮ ಜೊತೆ ಮಾತಾಡುತ್ತಲೇ ಆಕೆ ಪಂಪಿನ ಮನೆಯ ಕತ್ತಲೆಗೆ ಕೈ ತೂರಿಸಿದರು; ತಿರುಗಿಯೂ ನೋಡಲಿಲ್ಲ. ಮೋಟಾರು ನಿಂತಿತು.

"ನೋಡದೇನೇ ಹೇಗಮ್ಮ ಗೊತ್ತಾಗುತ್ತೆ?"

"ಇದುನ್ನೂ ನೋಡ್ಬೇಕಾ? ಮೇಲ್ಗಡೇದು ಹಾಕಕ್ಕೆ, ಕೆಳಗಡೇದು ನಿಲ್ಸಕ್ಕೆ. ಎಲ್ಲಾರ ಬಾವೀಲೂ ಹಂಗೇ ಕಣಪ್ಪ."

ಬಗ್ಗಿ ನೋಡಿದೆ. ಹಸಿರು ಮೇಲೆ, ಕೆಂಪು ಕೆಳಗೆ. ಮುನಿರಾಜು ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದ. "ಚಿಕ್ಕಂದಿನಿಂದ ಇದ್ನೇ ಒತ್ತಿದ್ದು ಸಾರ್" ಎಂದ ಮೆಲ್ಲಗೆ. ಮೊದಲು ನನಗಾದದ್ದು ಸಂತೋಷ, ಹೇಳಿಕೊಳ್ಳಲು ನಾಚಿಕೆ: ಒಗಟು ಬಗೆಹರಿಯಿತಲ್ಲ ಎಂದು. ಆಮೇಲೆ ನಾನೂ ಅವನ ಕೈಯನ್ನು ನೋಡಿದೆ. ಅಚ್ಚಿನ ಜಾಗದಲ್ಲಿ ಆ ಕೈ ಇದ್ದಿದ್ದರೆ?

ಕಾರ್ಖಾನೆಯಲ್ಲಿ ಕೆಂಪು ಮೇಲಿರುವ ವಿಷಯವನ್ನು ಮಗ ಹೇಳಿದ. "ಹಂಗೆ ತಲೆಕೆಳಗಾಗಿ ಮಡಗಿದೋನು ಯಾವನ್ಲಾ?" ಎಂದರು ತಾಯಿ.

"ಸುಮ್ನಿರಮ್ಮ" ಎಂದು ಅವನು ಮುಖ ತಿರುಗಿಸಿದ.

"ನಾನೇ ಅಮ್ಮ" ಎಂದೆ.

ಅಲ್ಲೇ ಕಲ್ಲಿನ ಮೇಲೆ ಕುಳಿತು ವರದಿ ಬರೆದೆ. ಓದು ಬಾರದ ಆಕೆ ಪಕ್ಕದಲ್ಲೇ ನಿಂತು, "ತಪ್ಪು ಯಾರ್ದು ಅಂತ ಬರ್ದಿದೀಯ, ತೋರ್ಸು" ಎಂದರು. ನನ್ನ ಹೆಸರಿನ ಮೇಲೆ ಬೆರಳಿಟ್ಟೆ.

ಸಂಜೆ ಹೊಸೂರಿನಲ್ಲಿ ಇಳಿದು ಆ ಹಾಳೆಯನ್ನು ಮ್ಯಾನೇಜರಿಗೆ ಕೊಟ್ಟೆ. ಮುನಿರಾಜುವಿನ ಕೆಲಸ ಉಳಿಯಿತು, ಗುಂಡಿಗಳು ಜಾಗ ಬದಲಿಸಿದವು. ಆದರೆ ಆ ರಾತ್ರಿ ಬೆಂಗಳೂರು ಮುಟ್ಟುವವರೆಗೂ ಕಿವಿಯಲ್ಲಿದ್ದದ್ದು, ಹೊರಡುವಾಗ ಚಿಕ್ಕತಾಯಮ್ಮ ನನ್ನ ಹಿಂದೆಯೇ ಬದುವಿನ ತುದಿಯವರೆಗೂ ಬಂದು ಕೇಳಿದ ಮಾತು: "ಇದ್ರಿಂದ ನಿನ್ ಕೆಲ್ಸುಕ್ಕೇನೂ ಆಗಾಕಿಲ್ವೇನಪ್ಪ?"