ಕರೆಯದೆ ಬಾರದ ಆಳು

ಈ ಬರಹದಲ್ಲಿ ಹಿಂದುಮುಂದಾಗಿರುವುದು, ಬಿಟ್ಟುಹೋಗಿರುವುದು ಏನಾದರೂ ಇದ್ದರೆ ಓದುಗರು ಮನ್ನಿಸಬೇಕೆಂದು ಮೊದಲೇ ಕೇಳಿಕೊಂಡುಬಿಡುತ್ತೇನೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲಿಗಳು. ಹೀಗಾಗಿ ಒಂದು ವಾಕ್ಯ ಬರೆದರೆ ಅದನ್ನು ಮತ್ತೆ ಮತ್ತೆ ಓದಿ, ಸಂದೇಹಪಟ್ಟು, ಕೊನೆಗೆ ಹೊಡೆದುಹಾಕುವ ಅಭ್ಯಾಸ ನನ್ನದು. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ರುಚಿ ನೋಡುತ್ತ ನೋಡುತ್ತ ಪಾತ್ರೆಯನ್ನೇ ಬರಿದು ಮಾಡುವವರ ಹಾಗೆ. ಈ ಒಂದು ಪ್ರಸಂಗವನ್ನಾದರೂ ಬರಿದು ಮಾಡದೆ ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊನ್ನೆ ಭಾನುವಾರ ಮಧ್ಯಾಹ್ನ, ಸವದತ್ತಿಯ ನಮ್ಮ ಬಾಡಿಗೆ ಮನೆಯಲ್ಲಿ, ಮೇಲಿನ ಹಲಗೆಯಿಂದ ಹಳೆಯ ಡಬ್ಬಿಯೊಂದನ್ನು ಇಳಿಸಿ ಒರೆಸುತ್ತಿದ್ದೆ. ಅದರೊಳಗೆ ಹಳೆಯ ಕಂಪ್ಯೂಟರಿನ, ಮರಳಿಸಲು ಮರೆತಿದ್ದ ಒಂದು ಮೌಸು ಸಿಕ್ಕಿತು. ಈಗಿನ ಮೌಸುಗಳ ಹೊಟ್ಟೆಯಲ್ಲಿ ಬೆಳಕಿರುತ್ತದೆ. ಆಗಿನವುಗಳ ಹೊಟ್ಟೆಯಲ್ಲಿ ರಬ್ಬರಿನ ಗುಂಡೊಂದು ಇರುತ್ತಿತ್ತು. ಮುಚ್ಚಳ ಸಡಿಲಾಗಿತ್ತೆಂದು ತೋರುತ್ತದೆ. ಗುಂಡು ಜಾರಿ ನೆಲಕ್ಕೆ ಬಿದ್ದು, ಪುಟಿಯದೆ, ಎಲ್ಲಿಗೆ ಹೋಗಬೇಕೆಂಬುದು ತನಗೆ ಗೊತ್ತಿದೆ ಎನ್ನುವಂತೆ ಉರುಳುತ್ತ ತೆರೆದ ಬಾಗಿಲಿನ ಕಡೆಗೆ ಹೊರಟಿತು. ನನ್ನ ಪುಟ್ಟ ಮಗಳು ಅದರ ಹಿಂದೆಯೇ ಓಡಿದಳು. ನಾನು ಖಾಲಿ ಮೌಸನ್ನು ಕೈಯಲ್ಲಿ ಹಿಡಿದು ಕುಳಿತೆ. ಅದರೊಳಗೆ ಇನ್ನೂ ಉಳಿದಿದ್ದ ಧೂಳು ನೇಸರಗಿ ಹತ್ತಿರದ ನಮ್ಮ ಊರಿನ ಪಡಸಾಲೆಯದು. ಜೋಳದ ಹೊಟ್ಟಿನ ವಾಸನೆಯ ಧೂಳು.

ಬಿ.ಕಾಂ. ಮುಗಿಸಿದ ಮೇಲೆ ನಾನು ಬೈಲಹೊಂಗಲದ ಒಂದು ಗಣಕಯಂತ್ರ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ. ಕಲಿತವಳು ಶುದ್ಧವಾಗಿ ಮಾತನಾಡಬೇಕೆಂಬ ಹಟದಿಂದ ಆಗ ನಾನು 'ಕಂಪ್ಯೂಟರ್' ಎನ್ನುತ್ತಿರಲಿಲ್ಲ. 'ಗಣಕಯಂತ್ರ' ಎಂದೊಡನೆ ವಿದ್ಯಾರ್ಥಿಗಳು ಹೊಸ ಯಂತ್ರವೇನಾದರೂ ಬಂದಿದೆಯೇ ಎಂದು ಹಿಂದೆ ತಿರುಗಿ ನೋಡುತ್ತಿದ್ದರು. ಒಂದು ಬೇಸಿಗೆಯಲ್ಲಿ ಕೇಂದ್ರದ ಮಾಳಿಗೆಯ ದುರಸ್ತಿ ಆರಂಭವಾಯಿತು. ಯಂತ್ರಗಳಿಗೆ ಮಣ್ಣು ಬಿದ್ದೀತೆಂದು ಯಜಮಾನರು ಒಂದೊಂದನ್ನು ಒಬ್ಬೊಬ್ಬರ ಮನೆಗೆ ಕಳಿಸಿದರು. ನನ್ನ ಪಾಲಿನದನ್ನು ಅವ್ವ ಹೊಲಿದ ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಳಿತೆ.

"ಏನ್ರಿ ಅಕ್ಕಾರ, ಕೂಸಿಗೆ ಟಿಕೀಟ ತಗೊಂಡ್ರೇನ?" ಎಂದರು ಕಂಡಕ್ಟರು.

"ಕೂಸಲ್ಲರಿ, ಗಣಕಯಂತ್ರ."

"ಹಂಗಾದ್ರ ಪೂರಾ ಟಿಕೀಟ ಆತ ಬಿಡ್ರಿ. ಹೆಸರ ಭಾಳ ದೊಡ್ಡದೈತಿ."

ಇಡೀ ಬಸ್ಸು ನಕ್ಕಿತು. ನಾನು ಕೌದಿಯಲ್ಲಿ ಮುಖ ಮರೆಸಿಕೊಂಡೆ.

ಪಡಸಾಲೆಯಲ್ಲಿ ಜೋಳದ ಚೀಲಗಳ ಪಕ್ಕ ಅದನ್ನು ಹೂಡಿದ ಮೇಲೆ, ಯಾರೋ ವಿದ್ಯಾರ್ಥಿ ಅದರೊಳಗೆ ಒಂದು ಆಟ ತುಂಬಿಟ್ಟಿರುವುದು ಕಂಡಿತು. ಹಳೆಯ ಕಾಲದ ರಾಜ್ಯವೊಂದನ್ನು ಕಟ್ಟುವ ಆಟ. ಆರಂಭದಲ್ಲಿ ಒಂದು ದೊಡ್ಡ ಮನೆ, ಕೆಲವು ಆಳುಗಳು, ಸುತ್ತಲೂ ಇನ್ನೂ ಯಾರೂ ಕಾಲಿಡದ ನೆಲದ ಕಪ್ಪು. ಆಳುಗಳನ್ನು ಕಟ್ಟಿಗೆಗೆ, ಕಲ್ಲಿಗೆ, ಬೆಳೆಗೆ, ಬಂಗಾರಕ್ಕೆ ಹಚ್ಚಬೇಕು. ಅವರು ಹೊತ್ತು ತಂದು ಹಾಕಿದ್ದರಿಂದ ಕೋಟೆ ಕಟ್ಟಬೇಕು, ಕುದುರೆ ಸಾಕಬೇಕು, ಶತ್ರುವಿನ ಮೇಲೆ ಏರಿ ಹೋಗಬೇಕು. ನಾನು ಒಮ್ಮೆಯೂ ಏರಿ ಹೋಗಲಿಲ್ಲ. ಒಕ್ಕಲುತನದ ಮನೆಯ ಹುಡುಗಿ. ಆಳುಗಳು ಹೊರೆ ತಂದು ಹಾಕುವುದನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಶತ್ರುಗಳು ಬಂದು ಎಲ್ಲವನ್ನೂ ಸುಟ್ಟು ಹೋಗುತ್ತಿದ್ದರು. ಕಿತ್ತೂರಿನ ಇಷ್ಟು ಸಮೀಪ ಹುಟ್ಟಿಯೂ ಇಷ್ಟು ಪುಕ್ಕಲಾದವಳು ಮತ್ತೊಬ್ಬಳು ಇರಲಿಕ್ಕಿಲ್ಲ.

ಆ ಆಟದಲ್ಲಿ ಒಂದು ಸಂಗತಿ ಮಾತ್ರ ನನ್ನನ್ನು ಸಣ್ಣಗೆ ಕಾಡುತ್ತಿತ್ತು. ಆಳನ್ನು ಒಂದು ಮರಕ್ಕೆ ಹಚ್ಚಿದರೆ, ಆ ಮರ ಮುಗಿದೊಡನೆ ಅವನು ತಾನಾಗಿಯೇ ಮುಂದಿನ ಮರಕ್ಕೆ ಹೋಗುತ್ತಾನೆ. ಅದು ಮುಗಿದರೆ ಅದರ ಮುಂದಿನದಕ್ಕೆ. ಕಾಡಿನ ಅಂಚಿಗೊಂದು ಕಟ್ಟಿಗೆಯ ಕೊಟ್ಟಿಗೆ ಕಟ್ಟಿಬಿಟ್ಟರಂತೂ ಅವನು ಊರ ಕಡೆ ಮುಖ ಹಾಕುವುದೇ ಇಲ್ಲ. ಸುತ್ತ ಮರವೇ ಉಳಿಯದಿದ್ದಾಗ, ಬೆನ್ನು ನಮಗೆ ಮಾಡಿ, ಕಪ್ಪಿನ ಎದುರು ನಿಂತುಬಿಡುತ್ತಾನೆ. ನಾವು ಕರೆಯುವವರೆಗೆ ನಿಂತೇ ಇರುತ್ತಾನೆ.

ಇಲ್ಲಿ ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಪ್ಪನ ತಮ್ಮ, ನಮ್ಮ ಕಾಕಾ, ನಾನು ಕನ್ನಡ ಶಾಲೆಯಲ್ಲಿ ಓದುತ್ತಿದ್ದಾಗ ಕಾಣೆಯಾದರು. ನಾನು ಆ ದಿನ ಶಾಲೆಯಲ್ಲಿದ್ದೆ. ಉಳಿದದ್ದು ಕೇಳಿ ತಿಳಿದದ್ದು.

ನಮ್ಮ ಕಡೆ ರಾಶಿಯ ದಿನ ಕಣದಲ್ಲಿ ಮಾತು ಕಡಿಮೆ. ಚಪ್ಪಲಿಗಳು ಕಣದಾಚೆ. ತೂರಿದ ಜೋಳದ ರಾಶಿಯ ಸುತ್ತ ಬೂದಿಯ ಗೆರೆ. ಅಳೆಯುವಾಗ ಮೊದಲ ಅಳತೆಗೆ 'ಒಂದು' ಎನ್ನದೆ 'ಲಾಭ' ಎನ್ನಬೇಕು. ನಮ್ಮ ಅಜ್ಜನಿಗೆ ಇದರ ಮೇಲೆ ಇನ್ನೊಂದು ಕಟ್ಟುನಿಟ್ಟಿತ್ತು: ಕಣದಿಂದ ಯಾರ ಹೆಸರನ್ನೂ ಕೂಗಬಾರದು. ಕೂಗಿದರೆ ಗಾಳಿಯಲ್ಲಿರುವವರು ಆ ಹೆಸರನ್ನು ಕೇಳಿಸಿಕೊಂಡು, ಅದೇ ಹೆಸರು ಹೊತ್ತು ಕಣದೊಳಗೆ ಬಂದು ರಾಶಿಯ ಹುಲುಸನ್ನು ಒಯ್ಯುತ್ತಾರೆಂದು ಅವರ ನಂಬಿಕೆ. ಆ ದಿನ ಅಜ್ಜ ಬಾಯಿ ಬಿಡದೆ, ರಾಶಿಗೆ ಬೇಲಿ ಹಚ್ಚಲು ಜಾಲಿಯ ಮುಳ್ಳು ತರುವಂತೆ ಕಾಕಾನಿಗೆ ಕೈಸನ್ನೆ ಮಾಡಿದರು. ಕಾಕಾ ಹಚ್ಚಿದ ಕೆಲಸ ಬಿಡದ ಮನುಷ್ಯ. ಕೊಡಲಿ ಹೆಗಲಿಗೇರಿಸಿ ಗುಡ್ಡದ ಕಡೆ ಹೋದರು. ಕಡಿಯುವ ಸದ್ದು ಕಣಕ್ಕೆ ಕೇಳತೊಡಗಿತು. ಸ್ವಲ್ಪ ಹೊತ್ತಿಗೆ ಅದು ಇನ್ನಷ್ಟು ದೂರದಿಂದ ಕೇಳಿತು. ಬೇಕಾದಷ್ಟು ಮುಳ್ಳು ಆಗಿಹೋಗಿತ್ತೆಂದು ಎಲ್ಲರಿಗೂ ಗೊತ್ತಿತ್ತು. ಅಪ್ಪ, ಅಜ್ಜ, ಹೊಟ್ಟು ಬಳಿಯುತ್ತಿದ್ದ ಕಾಕಾನ ಹೆಂಡತಿ ಚಿಗವ್ವ—ಎಲ್ಲರೂ ತಲೆಯೆತ್ತಿ ಕೇಳಿದರು, ಯಾರೂ ಕರೆಯಲಿಲ್ಲ. ಸದ್ದು ಸಣ್ಣದಾಗುತ್ತ ಆಗುತ್ತ ಗುಡ್ಡದಾಚೆ ಹೋಯಿತು. ಚೀಲ ತುಂಬಿ, ಬಾಯಿ ಬಿಡುವ ಹೊತ್ತಿಗೆ ಸೂರ್ಯ ಇಳಿದಿದ್ದ.

ಹುಡುಕಿಕೊಂಡು ಹೋದವರಿಗೆ ದಾರಿಯುದ್ದಕ್ಕೂ ಜಾಲಿಯ ಹೊರೆಗಳು ಸಿಕ್ಕವು. ಒಂದೊಂದನ್ನೂ ಅಚ್ಚುಕಟ್ಟಾಗಿ ಬಿಗಿದು ಇಡಲಾಗಿತ್ತು. ಕೊನೆಯ ಹೊರೆ ಮಾತ್ರ ಬಿಗಿದಿರಲಿಲ್ಲ. ಅದರಾಚೆ ಏನೂ ಇರಲಿಲ್ಲ, ಕೊಡಲಿಯೂ ಇರಲಿಲ್ಲ. ಬಾವಿಗಳನ್ನು ಇಳಿದು ನೋಡಿದರು. ರಾಮದುರ್ಗದ ಬಸ್ ನಿಲ್ದಾಣದಲ್ಲಿ ಕಂಡೆನೆಂದು ಒಬ್ಬರು, ಮುರಗೋಡದ ಮಠದ ಪಂಕ್ತಿಯಲ್ಲಿ ಕಂಡೆನೆಂದು ಇನ್ನೊಬ್ಬರು ಹೇಳಿದರು. ಹೋಗಿ ನೋಡಿದರೆ ಬೇರೆ ಯಾರೋ. ಆ ವರ್ಷದ ರಾಶಿ ಹಿಂದೆಂದೂ ಆಗದಷ್ಟು ಹುಲುಸಾಗಿತ್ತು. ಆ ಜೋಳದ ರೊಟ್ಟಿಯನ್ನು ಅಜ್ಜ ಬಾಯಿಗಿಡಲಿಲ್ಲ. ಕೆಲವು ವರ್ಷಗಳಲ್ಲಿ ತಾವೂ ಹೋದರು.

ಚಿಗವ್ವ ಉಳಿದಳು. ಕುಂಕುಮ ಹಚ್ಚುತ್ತಿದ್ದಳು, ಸಂಜೆಯಾದರೆ ಹೊಸ್ತಿಲಲ್ಲಿ ಕುಳಿತು ಗುಡ್ಡದ ಕಡೆ ನೋಡುತ್ತಿದ್ದಳು. ಗಂಡನ ಹೆಸರನ್ನು ಹೆಂಡತಿ ಹೇಳಬಾರದಲ್ಲ. ಮದುವೆಯಲ್ಲಿ ಒಡಪಿನ ಪದ್ಯದೊಳಗೆ ಕಟ್ಟಿ ಹೇಳಿದ್ದೇ ಕೊನೆ. ಉಳಿದವರು ದುಃಖದಿಂದ ಆ ಹೆಸರು ಎತ್ತುತ್ತಿರಲಿಲ್ಲ. ಹೀಗೆ ಮನೆಯೊಳಗಿನ ಒಂದು ಹೆಸರು ಎರಡೂ ಕಡೆಯಿಂದ ಬಾಗಿಲು ಮುಚ್ಚಿಕೊಂಡಿತು.

ಇನ್ನು ಪಡಸಾಲೆಗೆ ಬರೋಣ. ಮಟಮಟ ಮಧ್ಯಾಹ್ನ. ನಾನು ಆಳೊಬ್ಬನನ್ನು ಮರಕ್ಕೆ ಹಚ್ಚಿದ್ದೆ. ಟಕ್, ಟಕ್ ಎಂಬ ಕೊಡಲಿಯ ಸದ್ದು ಪೆಟ್ಟಿಗೆಯಿಂದ ಬರುತ್ತಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ತಟ್ಟನೆ ನಿಂತಿತು. ಚಿಗವ್ವ ಹಿಟ್ಟಿನ ಕೈಯಲ್ಲೇ ಹಿತ್ತಲ ಬಾಗಿಲಿಗೆ ಹೋಗಿ ಗುಡ್ಡ ನೋಡುತ್ತ ನಿಂತದ್ದು ನನಗೆ ಕಂಡಿತು. ಸದ್ದು ಹೊರಗಿನದಲ್ಲವೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನನ್ನ ಹಿಂದೆ ಬಂದು ನಿಂತಳು.

"ಯಾರಬೇ ಅಂವ, ಕಟಗಿ ಕಡ್ಯಾಕ ಹತ್ತಿದಂವ?"

"ಯಾರೂ ಅಲ್ಲ ಚಿಗವ್ವಾ. ಆಟದಾಗಿನ ಆಳು."

"ಯಾರ ಹಚ್ಯಾರ ಅವಂಗ?"

"ನಾನ."

"ನೀರರೆ ಕುಡಿಸೀಯೇನ?"

ನನಗೆ ನಗು ಬಂತು. "ಅವಂಗ ನೀರಡಿಕಿ ಆಗೂದಿಲ್ಲ."

"ಮಾವನೋರೂ ನಿಮ್ಮ ಕಾಕಾಗ ಹಂಗ ಅಂತಿದ್ರು," ಎಂದಳು ಚಿಗವ್ವ. ನನ್ನ ನಗು ಅಲ್ಲೇ ನಿಂತಿತು.

ಅಷ್ಟರಲ್ಲಿ ಮರ ಮುಗಿದು ಆಳು ಮುಂದಿನದಕ್ಕೆ ಹೊರಟ. ಅವನು ಹೋದಂತೆ ಕಪ್ಪು ಸ್ವಲ್ಪ ಸ್ವಲ್ಪವೇ ದಾರಿ ಬಿಡುತ್ತಿತ್ತು.

"ಕತ್ತಲದಾಗ ಹೊಂಟಾನಲ್ಲಬೇ. ತಿರಗಿ ಬರತಾನಿಲ್ಲೋ?"

"ತಾನಾಗಿ ಬರೂದಿಲ್ಲ. ಕರದ್ರ ಬರತಾನ."

"ಎಷ್ಟ ದೂರ ಹೋಗಿದ್ರೂ?"

"ಎಷ್ಟ ದೂರ ಹೋಗಿದ್ರೂ."

ಅವಳು ಪರದೆಗೆ ಇನ್ನಷ್ಟು ಹತ್ತಿರ ಬಾಗಿದಳು. "ಕರಿ," ಎಂದಳು.

ನಾನು ಮೌಸಿನಿಂದ ಅವನ ಮೇಲೊಮ್ಮೆ, ದೊಡ್ಡ ಮನೆಯ ಮೇಲೊಮ್ಮೆ ಒತ್ತಿದೆ. ಅವನು ಯಾವುದೋ ಹಳೆಯ ದೇಶದ ಭಾಷೆಯಲ್ಲಿ ಒಂದು ಚಿಕ್ಕ ಉಲಿ ಹೊರಡಿಸಿದ, ಓಗೊಟ್ಟಂತಿತ್ತು. ಆಮೇಲೆ ತಿರುಗಿ ದೊಡ್ಡ ಮನೆಯ ಕಡೆ ನಡೆಯತೊಡಗಿದ. ಅವನು ಮನೆ ಮುಟ್ಟುವವರೆಗೂ ಚಿಗವ್ವ ನಿಂತೇ ಇದ್ದಳು. ಅವಳ ಕೈಯ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಕರೆಂಟು ಹೋಯಿತು. ಪರದೆ ಒಂದು ಬಿಳಿಯ ಚುಕ್ಕೆಯಾಗಿ ಆರಿತು.

ಅಂದಿನಿಂದ ಮಧ್ಯಾಹ್ನವಾದರೆ ಬಂದು ನಿಲ್ಲುವಳು. ಆಳನ್ನು ದೂರ ಕಳಿಸೆನ್ನುವಳು, ಕರೆಯೆನ್ನುವಳು. ಒಂದು ದಿನ ನಾನು ಅವನನ್ನು ಕಾಡಿಗೆ ಹಚ್ಚಿ ಚಹಾ ಕುಡಿಯಲು ಎದ್ದುಹೋದೆ. ಮರಳಿ ಬಂದಾಗ ಚಿಗವ್ವ ಪರದೆಯ ಮುಂದೆ, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಆಳು ಹೆಗಲ ಮೇಲೆ ಕೊಡಲಿಯಿಟ್ಟು ಮನೆಯ ಕಡೆ ಬರುತ್ತಿದ್ದ.

"ಮುಟ್ಟಿದೇನ ಚಿಗವ್ವಾ?"

"ಇಲ್ಲಬೇ. ಕರದೆ."

ಮೇಜು ಅಲುಗಿರಬೇಕು, ಸೆರಗು ಮೌಸಿಗೆ ತಾಗಿರಬೇಕು. ಪದವೀಧರೆಯಾದ ನಾನು ಆಗಲೂ ಹೀಗೆಯೇ ಹೇಳಿಕೊಂಡೆ, ಈಗಲೂ ಹೀಗೆಯೇ ಬರೆಯುತ್ತಿದ್ದೇನೆ. ಏನೆಂದು ಕರೆದೆ ಎಂದು ಕೇಳುವಷ್ಟರಲ್ಲಿ ಅವಳು ಅಡುಗೆಮನೆಗೆ ಹೊರಟಿದ್ದಳು.

ಯಂತ್ರವನ್ನು ಮರಳಿ ಒಯ್ಯುವ ಹಿಂದಿನ ದಿನ, ಅದೇ ಹೊತ್ತಿಗೆ, ಅಡುಗೆಮನೆಯಿಂದ ಹೊತ್ತಿದ ವಾಸನೆ ಬಂತು. ಹಂಚಿನ ಮೇಲೆ ರೊಟ್ಟಿ ಕರಿದಾಗಿತ್ತು, ಚಿಗವ್ವ ಇರಲಿಲ್ಲ, ಕಣದ ಕಡೆಯ ಹಿತ್ತಲ ಬಾಗಿಲು ತೆರೆದಿತ್ತು. ಹಂಚು ಇಳಿಸಲೂ ತೋಚದೆ ಅಪ್ಪನೂ ನಾನೂ ಕಣಕ್ಕೆ ಓಡಿದೆವು. ಬೇಸಿಗೆಯ ಬರಿ ಕಣ. ಸುತ್ತಲ ಹೊಲಗಳೆಲ್ಲ ಬೋಳು. ಗುಡ್ಡದವರೆಗೆ ಒಂದು ನಾಯಿ ಅಡಗುವಷ್ಟೂ ಮರೆ ಇರಲಿಲ್ಲ. ಚಿಗವ್ವ ರಾಶಿಯ ದಿನದಂತೆ ಚಪ್ಪಲಿಗಳನ್ನು ಹೊರಗೆ ಬಿಟ್ಟು ನಟ್ಟನಡುವೆ ನಿಂತಿದ್ದಳು. ನಾವು ಬಾಯಿ ತೆರೆಯುವಷ್ಟರಲ್ಲಿ ಕರೆದಳು:

"ಅಡಿವೆಪ್ಪಾ!"

ಕಾಕಾನ ಹೆಸರನ್ನು ಆ ದನಿಯಲ್ಲಿ ನಾವು ಎಂದೂ ಕೇಳಿರಲಿಲ್ಲ. ಅಪ್ಪ ನನ್ನ ತೋಳು ಹಿಡಿದುಕೊಂಡರು. ನಡುಮಧ್ಯಾಹ್ನದಲ್ಲಿ ಯಾರಾದರೂ ಒಮ್ಮೆ ಕರೆದರೆ ಓಗೊಡಬಾರದು, ಮೂರು ಸಲ ಕರೆದರೆ ಮಾತ್ರ ಮನುಷ್ಯರೆಂದು ತಿಳಿಯಬೇಕೆಂದು ನಮಗೆಲ್ಲ ಚಿಕ್ಕಂದಿನಲ್ಲಿ ಕಲಿಸಿದ್ದರು. ಅದು ನೆನಪಿತ್ತೇನೋ, ಅವಳು ಮತ್ತೊಮ್ಮೆ ಕರೆದಳು. ಮೂರನೆಯ ಸಲ ಕರೆದಳು.

ಗುಡ್ಡದ ಕಡೆಯಿಂದ "ಓ" ಎಂದಿತು.

ಪ್ರತಿಧ್ವನಿಯೆಂದು ನೀವು ಹೇಳಬಹುದು. ಪ್ರತಿಧ್ವನಿಯಾಗಿದ್ದರೆ ಅದು ಹೆಸರನ್ನು ಮರಳಿಸಬೇಕಿತ್ತು. ಆ ದನಿ ಆಟದ ಆಳಿನ ಉಲಿಯಂತಿತ್ತೆಂದು ನಾನು ಹೇಳಲಾರೆ, ಇರಲಿಲ್ಲವೆಂದೂ ಹೇಳಲಾರೆ.

ಚಿಗವ್ವ ನಮ್ಮ ಕಡೆ ತಿರುಗಿದಳು. "ಕೇಳಿತೇನ್ರಿ, ಭಾವನೋರ?"

"ಕೇಳಿತವಾ," ಎಂದರು ಅಪ್ಪ. ತಡೆದು, "ಕುರಿಯವರಿರಬೇಕು" ಎಂದು ಸೇರಿಸಿದರು. ಬೋಳು ಹೊಲದಲ್ಲಿ ಒಂದು ಕುರಿಯೂ ಇರಲಿಲ್ಲ. "ಹೋಗಿ ನೋಡಿ ಬರ್ತೇನಿ, ತಡಿ."

"ಬ್ಯಾಡ್ರಿ. ಅಂವ ಬರೂ ಹಂಗಿದ್ರ ಬರತಾನ." ಅವಳು ಚಪ್ಪಲಿ ಮೆಟ್ಟಿಕೊಂಡಳು. "ಅವತ್ತ ಕರದಿದ್ರ ಓ ಅಂತಿದ್ನೋ ಇಲ್ಲೋ ಅನ್ನೂದೊಂದ ನನ್ನ ಹೊಟ್ಯಾಗ ಕುಂತಿತ್ತು. ಅಂತಿದ್ದ. ನಡೀರಿ, ಹಂಚ ಒಲಿಮ್ಯಾಲ ಐತಿ."

ಬಿಸಿಲಿನಲ್ಲಿ ಮೂವರೂ ಸಾಲಾಗಿ ನಡೆದೆವು. ಕೊನೆಯಲ್ಲಿದ್ದವಳು ನಾನು. ನನ್ನ ಹಿಂದೆ ಯಾರೂ ಇರಲಿಲ್ಲ. ಆದರೂ ಮನೆ ಮುಟ್ಟುವವರೆಗೆ ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ.

ಇಷ್ಟನ್ನು ನೆನೆಯುತ್ತ ಎಷ್ಟು ಹೊತ್ತು ಕುಳಿತಿದ್ದೆನೋ, ಮನೆ ತೀರ ಸದ್ದಿಲ್ಲದಂತಾಗಿರುವುದು ಆಗ ಅರಿವಿಗೆ ಬಂತು. ಬಾಗಿಲು ತೆರೆದಿತ್ತು. ಅಂಗಳದಲ್ಲಿ ಬಿಸಿಲು ಮಾತ್ರ ಇತ್ತು. ನಾನು ಎದ್ದು, ಮಗಳ ಹೆಸರು ಹಿಡಿದು ಕರೆದೆ. ಉತ್ತರವಿಲ್ಲ. ಮತ್ತೆ ಕರೆದೆ. ಎದುರುಮನೆಯವರು ಕಿಟಕಿ ತೆರೆದು, "ಯಾಕ್ರಿ ಟೀಚರ, ಊರೆಲ್ಲಾ ಎಬ್ಬಸ್ತೀರೇನ?" ಎಂದರು. ಸಭ್ಯತೆಯ ಬಗ್ಗೆ ಇಷ್ಟೆಲ್ಲ ಯೋಚಿಸುವ ನಾನು ಅವರಿಗೆ ಉತ್ತರವನ್ನೂ ಕೊಡದೆ ಮೂರನೆಯ ಸಲ ಗಂಟಲು ಹರಿಯುವಂತೆ ಕೂಗಿದೆ.

"ಓ" ಎಂದು ಓಣಿಯ ತಿರುವಿನಿಂದ ಕೇಳಿತು. ಆ ಗುಂಡನ್ನು ಮುಷ್ಟಿಯಲ್ಲಿ ಹಿಡಿದು ಮಗಳು ಬಂದಳು. ಅವಳು ತಿರುವು ದಾಟಿ ಕಣ್ಣಿಗೆ ಬೀಳುವವರೆಗೆ ನಾನು ಆ ದನಿಯನ್ನು ನಂಬಿರಲಿಲ್ಲ.

ಆ ಬೇಸಿಗೆಯ ನಂತರ ನಮ್ಮ ಮನೆಯಲ್ಲಿ ಆದದ್ದನ್ನು ನೇರವಾಗಿ ಹೇಳಿ ಮುಗಿಸುತ್ತೇನೆ. ಕಾಕಾ ಬರಲಿಲ್ಲ. ಅಪ್ಪ ಕಾಕಾನ ಪಾಲಿನ ಹೊಲವನ್ನು ಚಿಗವ್ವನ ಹೆಸರಿಗೆ ಮಾಡಿಸಿದರು. ಅದರ ಒಕ್ಕಲುತನವನ್ನು ಅವಳೇ ನೋಡಿಕೊಳ್ಳುತ್ತಾಳೆ. ಮುಂದಿನ ರಾಶಿಯಲ್ಲಿ ಬೂದಿಯ ಗೆರೆಯಿತ್ತು, 'ಲಾಭ' ಎಂಬ ಮೊದಲ ಅಳತೆಯೂ ಇತ್ತು. ಆದರೆ ನೀರು ತರಲು ಹೋದವರನ್ನೆಲ್ಲ ಅಪ್ಪ ಕಣದ ನಡುವೆ ನಿಂತು ಹೆಸರು ಹಿಡಿದೇ ಕರೆದರು. ಹುಲುಸು ಕಡಿಮೆಯಾಯಿತೇ ಎಂದು ಯಾರೂ ಹಿಂದಿನದರೊಂದಿಗೆ ಹೋಲಿಸಲಿಲ್ಲ. ನಾನು ನನ್ನ ಗಂಡನನ್ನು ಹೆಸರಿನಿಂದಲೇ ಕರೆಯುತ್ತೇನೆ; ಅತ್ತೆಯವರು ಮೊದಲು ಸಿಟ್ಟಾಗಿದ್ದರು, ಈಗ ಸುಮ್ಮನಿದ್ದಾರೆ. ಚಿಗವ್ವ ಕುಂಕುಮ ಹಚ್ಚುವುದನ್ನು ಬಿಟ್ಟಿಲ್ಲ. ಸಂಜೆ ಹೊಸ್ತಿಲಲ್ಲಿ ಕುಳಿತುಕೊಳ್ಳುವುದನ್ನು ಬಿಟ್ಟಿದ್ದಾಳೆ.